ಹಸಿ ಮಾಂಸ ಹಾಕಿದರೆ ಡ್ಯಾಶ್ ಸಪೂರ ಆಗುತ್ತದಾ?

ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ನಾಯಿ ಎಂದರೆ ಹಗಲು ಕಟ್ಟಿ ರಾತ್ರಿ ಬಿಡುವ ತೋಟದ ನಾಯಿ. ಉಳಿದ ಕುಚ್ಚಲಕ್ಕಿ ಅನ್ನ, ಮೇಲೊಂದಿಷ್ಟು ಮಜ್ಜಿಗೆ ಅಥವಾ ಮೀನಿನ ಸಾರು ಹಾಕಿದರೆ ಅದರ ಊಟ ಮುಗಿಯಿತು. ಆ ನಾಯಿ ದಪ್ಪ ಆದದ್ದನ್ನು ಯಾರೂ ಕಂಡಿಲ್ಲ. ಈಗ ಚಾವಡಿಯ ಸೋಫಾದ ಮೇಲೆ 'ಡ್ಯಾಶ್' ಎಂದು ಕರೆಯುವ ಡ್ಯಾಶ್‌ಹಂಡ್, ಪಗ್, ಬೀಗಲ್ ಎಂಬ ಸಣ್ಣ ಜಾತಿಯ ನಾಯಿಗಳು ಮಲಗಿರುತ್ತವೆ. ಎರಡು ವರ್ಷ ಕಳೆಯುವುದರೊಳಗೆ ಅವುಗಳ ಸೊಂಟ ಮಾಯವಾಗುತ್ತದೆ. ಆಗ ಬೆಂಗಳೂರಿನಲ್ಲಿರುವ ಮಗನೋ ಮಂಗಳೂರಿನ ಸೊಸೆಯೋ ಒಂದು ವಿಡಿಯೋ ಕಳಿಸುತ್ತಾರೆ. 'ಅನ್ನ ನಿಲ್ಲಿಸಿ, ಹಸಿ ಮಾಂಸ ಶುರು ಮಾಡಿ, ತನ್ನಿಂದ ತಾನೇ ತೂಕ ಇಳಿಯುತ್ತದೆ' ಎಂದು ಅದರಲ್ಲಿ ಹೇಳುತ್ತಾರೆ.

ತನ್ನಿಂದ ತಾನೇ ಇಳಿಯುವುದಿಲ್ಲ. ಹಸಿ ಎನ್ನುವ ಕಾರಣಕ್ಕೇ ಯಾವ ಆಹಾರವೂ ನಾಯಿಯನ್ನು ಸಪೂರ ಮಾಡುವುದಿಲ್ಲ. ಅದರಲ್ಲಿ ಕೊಬ್ಬು ಎಷ್ಟು, ಬಟ್ಟಲಿಗೆ ಬೀಳುವುದು ಎಷ್ಟು, ಈ ಎರಡೇ ಲೆಕ್ಕಕ್ಕೆ ಬರುವುದು. ತೂಕ ಇಳಿಸುವ ಹಸಿ ಊಟವೂ ಇದೆ, ಅನ್ನಕ್ಕಿಂತ ಬೇಗ ಕೊಬ್ಬಿಸುವ ಹಸಿ ಊಟವೂ ಇದೆ. ಎರಡೂ ಒಂದೇ ಕೋಳಿಯಿಂದ ಬರುತ್ತವೆ ಎನ್ನುವುದೇ ತಮಾಷೆ.

ಈ ಜಾತಿಗಳಿಗೇ ಯಾಕೆ ತೊಂದರೆ

ಡ್ಯಾಶ್‌ಹಂಡ್ ಜರ್ಮನಿಯಲ್ಲಿ ಬ್ಯಾಜರ್ ಎಂಬ ಪ್ರಾಣಿಯನ್ನು ಬಿಲದೊಳಗೆ ನುಗ್ಗಿ ಹಿಡಿಯಲು ಬೆಳೆಸಿದ ನಾಯಿ. ಬಿಲಕ್ಕೆ ಇಳಿಯಲು ಗಿಡ್ಡ ಕಾಲು, ಉದ್ದ ಬೆನ್ನು ಬೇಕಿತ್ತು. ಆ ಬೆನ್ನೇ ಈಗ ಅದರ ದೊಡ್ಡ ಕಷ್ಟ. ಬೆನ್ನೆಲುಬಿನ ನಡುವಿನ ಡಿಸ್ಕ್ ಈ ಜಾತಿಯಲ್ಲಿ ಬೇಗ ಗಟ್ಟಿಯಾಗಿ ಜಾರುತ್ತದೆ. ಹೊಟ್ಟೆ ಜೋತುಬಿದ್ದ ಡ್ಯಾಶ್ ಮೆಟ್ಟಿಲು ಹಾರುವಾಗ ಆ ಡಿಸ್ಕಿನ ಮೇಲೆ ಬೀಳುವ ಭಾರ ಸಣ್ಣದಲ್ಲ. ಒಮ್ಮೆ ಜಾರಿತು ಎಂದರೆ ಹಿಂಗಾಲು ಎಳೆಯುವ ಸ್ಥಿತಿಗೂ ಬರಬಹುದು.

ಪಗ್‌ನ ಕಷ್ಟ ಬೇರೆ. ಮೂತಿ ಚಪ್ಪಟೆ, ಉಸಿರಿನ ದಾರಿ ಇಕ್ಕಟ್ಟು. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರು ಬಿಟ್ಟು. ಕುತ್ತಿಗೆ, ಎದೆಯಲ್ಲಿ ಕೊಬ್ಬು ತುಂಬಿದರೆ ಅದೂ ಸರಿಯಾಗಿ ಆಗುವುದಿಲ್ಲ. ನಮ್ಮ ಏಪ್ರಿಲ್ ಸೆಖೆಯಲ್ಲಿ ದಪ್ಪ ಪಗ್ ಸಾಕುವುದು ನಿಜಕ್ಕೂ ಅಪಾಯದ ಕೆಲಸ. ಇನ್ನು ಬೀಗಲ್ ವಾಸನೆ ಹಿಡಿದು ಓಡುವ ಬೇಟೆ ನಾಯಿ. ಅದರ ಮೂಗಿಗೂ ಹಸಿವಿಗೂ ರಜೆ ಇಲ್ಲ. ಇದರ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೆ ಬೇಕಾಗುವ ಶಕ್ತಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಹಸಿವು ಮಾತ್ರ ಹಾಗೆಯೇ ಇರುತ್ತದೆ, ಕೆಲವೊಮ್ಮೆ ಹೆಚ್ಚೂ ಆಗುತ್ತದೆ.

'ಒಂದು ಕಿಲೋ ಜಾಸ್ತಿ ಅಷ್ಟೇ ಅಲ್ವಾ' ಎನ್ನುವವರಿದ್ದಾರೆ. 8 ಕಿಲೋ ಇರಬೇಕಾದ ನಾಯಿಗೆ ಒಂದು ಕಿಲೋ ಎಂದರೆ 64 ಕಿಲೋದ ಮನುಷ್ಯನಿಗೆ 8 ಕಿಲೋ ಏರಿದ ಹಾಗೆ.

ನಿಮ್ಮ ನಾಯಿ ದಪ್ಪವೋ ಅಲ್ಲವೋ ನೋಡಲು ಕೈ ಸಾಕು. ನಿಮ್ಮ ಕೈ ಚಾಚಿ ಅಂಗೈ ಹಿಂಭಾಗದ ಮೂಳೆಗಳನ್ನು ಸವರಿ ನೋಡಿ. ನಾಯಿಯ ಪಕ್ಕೆಲುಬು ಹಾಗೆ ತಾಗಬೇಕು. ಮುಷ್ಟಿ ಹಿಡಿದಾಗ ಏಳುವ ಗೆಣ್ಣುಗಳ ಹಾಗೆ ತಾಗಿದರೆ ಬಡಕಲು. ಅಂಗೈಯ ಮೆತ್ತನೆ ಭಾಗದ ಹಾಗೆ, ಮೂಳೆ ಹುಡುಕಬೇಕಾದರೆ ದಪ್ಪ. ಪಶುವೈದ್ಯರು ಇದನ್ನೇ 1ರಿಂದ 9ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ. 4 ಅಥವಾ 5 ಸರಿಯಾದ ಮೈಕಟ್ಟು. ಅಲ್ಲಿಂದ ಮೇಲೆ ಒಂದೊಂದು ಅಂಕಕ್ಕೂ ಸುಮಾರು ಶೇ. 10ರಷ್ಟು ತೂಕ ಜಾಸ್ತಿ ಎಂದು ಲೆಕ್ಕ.

ಇಷ್ಟು ತಲೆಕೆಡಿಸಿಕೊಳ್ಳಬೇಕಾ ಎಂದರೆ, ಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವ ತನಕ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಕೊಟ್ಟರು. ಕಡಿಮೆ ತಿಂದ ಗುಂಪಿನ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದದ್ದರದು 11.2 ವರ್ಷ. ಕೀಲುನೋವೂ ಸಪೂರ ನಾಯಿಗಳಿಗೆ ತಡವಾಗಿ ಬಂತು. ಲ್ಯಾಬ್ರಡಾರ್ ಸಣ್ಣ ಜಾತಿಯೇನಲ್ಲ. ಆದರೆ ಊಟದಿಂದ ಇಷ್ಟು ಆಯುಷ್ಯ ಹೆಚ್ಚುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ನಾಯಿಗಳಲ್ಲಿ ಅಪರೂಪ.

ಹಸಿ ಊಟ ಎಂದರೆ ಎಂತ

ನಾಯಿಗೆ ಹಸಿ ಮಾಂಸ, ಮೂಳೆ, ಒಳಅಂಗಗಳನ್ನೇ ಊಟವಾಗಿ ಕೊಡುವ ಪದ್ಧತಿ 1990ರ ದಶಕದಲ್ಲಿ ಆಸ್ಟ್ರೇಲಿಯಾ ಕಡೆಯಿಂದ ಹಬ್ಬಿತು. ಈಗ ಎಲ್ಲೆಡೆ ಕೇಳಿಬರುವ ಸೂತ್ರ 80-10-10. ಅಂದರೆ 80 ಪಾಲು ಮಾಂಸ, 10 ಪಾಲು ಮೂಳೆ, 10 ಪಾಲು ಒಳಅಂಗ. ಆ ಒಳಅಂಗದಲ್ಲಿ ಅರ್ಧ ಲಿವರ್. ಕೇಳಲು ಸುಲಭ. ಆದರೆ ಇಷ್ಟನ್ನೇ ಹಾಕಿದರೆ ಸತು, ಮ್ಯಾಂಗನೀಸ್, ಅಯೋಡಿನ್, ವಿಟಮಿನ್ ಇ, ವಿಟಮಿನ್ ಡಿ ಸಾಮಾನ್ಯವಾಗಿ ಕಡಿಮೆ ಬೀಳುತ್ತವೆ.

ಈ ಪದ್ಧತಿಯ ಹಿಂದಿನ ವಾದ ತೋಳದ್ದು. ನಾಯಿ ತೋಳದ ವಂಶ, ತೋಳ ಅನ್ನ ತಿನ್ನುವುದಿಲ್ಲ, ಹಾಗಾಗಿ ನಾಯಿಗೂ ಅನ್ನ ಬೇಡ ಎಂದು. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ನಾಯಿ ಮತ್ತು ತೋಳದ ಜೀನುಗಳನ್ನು ಹೋಲಿಸಿ ನೋಡಿದರು. ಪಿಷ್ಟ ಕರಗಿಸುವ ಜೀನಿನ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಕಂಡವು. ಮನುಷ್ಯನ ಜೊತೆ ಸಾವಿರಾರು ವರ್ಷ ಗಂಜಿ ಹಂಚಿಕೊಂಡ ಪ್ರಾಣಿ ಅದು. ಬೇಯಿಸಿದ ಅನ್ನ ಅದಕ್ಕೆ ವಿಷವಲ್ಲ. ಅನ್ನ ಜಾಸ್ತಿ ಆದದ್ದು ಮಾತ್ರ ತಪ್ಪು.

ಹಾಗೆಂದು ಹಸಿ ಊಟದಲ್ಲಿ ಒಳ್ಳೆಯದೇ ಇಲ್ಲ ಎಂದಲ್ಲ. ಪ್ರೋಟೀನ್ ಜಾಸ್ತಿ ಇರುವುದರಿಂದ ತೂಕ ಇಳಿಸುವಾಗ ಸ್ನಾಯು ಉಳಿಯಲು ಸಹಾಯ. ಮಲ ಕಡಿಮೆ, ಗಟ್ಟಿ. ರುಚಿಯಂತೂ ನಾಯಿಗೆ ಇಷ್ಟ. ಆದರೆ ನಾರು ತೀರಾ ಕಡಿಮೆ. ನಾರು ಇಲ್ಲದ ಊಟ ಬಟ್ಟಲಲ್ಲಿ ಸಣ್ಣ ಗುಡ್ಡೆ, ಹೊಟ್ಟೆ ತುಂಬಿದ ಹಾಗೆ ಆಗುವುದಿಲ್ಲ. ಮೊದಲೇ ಹಸಿವು ಜಾಸ್ತಿ ಇರುವ ಬೀಗಲ್‌ಗೆ ಇದು ಕಷ್ಟ. ಅಮೆರಿಕದ ಪಶುವೈದ್ಯರ ಸಂಘ 2012ರಿಂದಲೇ ಹಸಿ ಮಾಂಸದ ಊಟ ಬೇಡ ಎನ್ನುವ ನಿಲುವು ತಳೆದಿದೆ. ಅದರ ಕಾರಣ ಕ್ರಿಮಿಗಳು. ಅದರ ಬಗ್ಗೆ ಮುಂದೆ ಬರುತ್ತೇನೆ.

ಪ್ಯಾಕೆಟ್ಟಿನ ಅಂಕಿ ಓದುವ ಬಗೆ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಸಿದ್ಧ ಹಸಿ ಊಟವನ್ನು ಗಡ್ಡೆ ಕಟ್ಟಿಸಿ ಪ್ಯಾಕೆಟ್‌ನಲ್ಲಿ ಮಾರುತ್ತಾರೆ. ಅದರ ಮೇಲೆ 'ಕೊಬ್ಬು ಶೇ. 12' ಎಂದು ಬರೆದಿದೆ ಎಂದುಕೊಳ್ಳಿ. ಪಕ್ಕದಲ್ಲಿ ಒಣ ಕಾಳಿನ ಡಾಗ್ ಫುಡ್ ಚೀಲ. ಅದರಲ್ಲೂ ಕೊಬ್ಬು ಶೇ. 12. ಎರಡೂ ಒಂದೇ ಅಲ್ವಾ ಎನಿಸುತ್ತದೆ. ಒಂದೇ ಅಲ್ಲ. ಮಾಂಸದ ಪ್ಯಾಕೆಟ್ಟಿನಲ್ಲಿ ಶೇ. 70 ನೀರು. ಒಣ ಕಾಳಿನಲ್ಲಿ ನೀರು ಶೇ. 10 ಮಾತ್ರ.

ನೀರನ್ನು ತೆಗೆದು ಲೆಕ್ಕ ಮಾಡಿ. ಹಸಿ ಪ್ಯಾಕೆಟ್ಟಿನ 100 ಗ್ರಾಮಿನಲ್ಲಿ ನಿಜವಾದ ಆಹಾರ 30 ಗ್ರಾಂ. ಅದರಲ್ಲಿ ಕೊಬ್ಬು 12. ಅಂದರೆ ಶೇ. 40. ಒಣ ಕಾಳಿನಲ್ಲಿ 90 ಗ್ರಾಮಿಗೆ 12, ಅಂದರೆ ಶೇ. 13. ಕೊಬ್ಬು ಮೂರು ಪಟ್ಟು!

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಸಾಕುಪ್ರಾಣಿಗಳ ಆಹಾರದಲ್ಲಿ ಒಂದು ಗ್ರಾಂ ಪ್ರೋಟೀನ್‌ಗೆ 3.5 ಕ್ಯಾಲರಿ, ಒಂದು ಗ್ರಾಂ ಕೊಬ್ಬಿಗೆ 8.5 ಕ್ಯಾಲರಿ ಎಂದು ಲೆಕ್ಕ ಹಾಕುತ್ತಾರೆ. ಅದೇ ಹಸಿ ಪ್ಯಾಕೆಟ್ಟಿನಲ್ಲಿ ಪ್ರೋಟೀನ್ ಶೇ. 14 ಇದ್ದರೆ ಅದರಿಂದ 49 ಕ್ಯಾಲರಿ, ಕೊಬ್ಬಿನಿಂದ 102. ಒಟ್ಟು 151ರಲ್ಲಿ ಮೂರನೇ ಎರಡು ಪಾಲು ಕೊಬ್ಬಿನಿಂದಲೇ. ಹೊರಗೆ 'ಹೈ ಪ್ರೋಟೀನ್' ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ನಾಯಿ ತಿನ್ನುವುದು ಮುಖ್ಯವಾಗಿ ಕೊಬ್ಬು.

ದಪ್ಪ ಆಗುವ ಸಣ್ಣ ನಾಯಿಗೆ ಪ್ಯಾಕೆಟ್ ಆರಿಸುವಾಗ ನಾನು ನೋಡುವುದು ಹೀಗೆ. ನೀರು ಶೇ. 70ರ ಆಸುಪಾಸು ಇದ್ದರೆ ಕೊಬ್ಬು ಶೇ. 5ರ ಆಸುಪಾಸಿನಲ್ಲಿರಬೇಕು, ಪ್ರೋಟೀನ್ ಅದರ ಮೂರು ಪಟ್ಟಾದರೂ ಇರಬೇಕು. 100 ಗ್ರಾಮಿಗೆ ಕ್ಯಾಲರಿ ಎಷ್ಟು ಎಂದು ಬರೆಯದ ಪ್ಯಾಕೆಟ್ ಬೇಡ. 'ಕಂಪ್ಲೀಟ್ ಆ್ಯಂಡ್ ಬ್ಯಾಲೆನ್ಸ್ಡ್' ಎಂಬ ಮಾತು, ಯಾವ ಮಾನದಂಡದ ಪ್ರಕಾರ ಎಂಬುದರ ಜೊತೆ ಇರಬೇಕು. ಇಲ್ಲದಿದ್ದರೆ ಅದು ಪೂರ್ಣ ಊಟವಲ್ಲ, ಬರೀ ಅರೆದ ಮಾಂಸ. ಇನ್ನು 'ಫ್ರೀಜ್ ಡ್ರೈ' ಮಾಡಿದ ಹಸಿ ಆಹಾರ ಬರುತ್ತದೆ. ಅದರಲ್ಲಿ ನೀರೇ ಇಲ್ಲದ ಕಾರಣ ಒಂದು ಹಿಡಿಯಲ್ಲಿ ಬಹಳ ಕ್ಯಾಲರಿ ಅಡಗಿರುತ್ತದೆ. ಕಣ್ಣಳತೆಯಲ್ಲಿ ಹಾಕಲೇಬಾರದು.

ಮಾಂಸದ ಅಂಗಡಿಯಲ್ಲಿ

ಗಡ್ಡೆ ಕಟ್ಟಿಸಿದ ಪ್ಯಾಕೆಟ್ ದೂರದ ಊರಿಂದ ಐಸ್ ಪೆಟ್ಟಿಗೆಯಲ್ಲಿ ಬರಬೇಕು. ದಾರಿಯಲ್ಲಿ ಕರಗಿ ಬಂದರೆ ದುಡ್ಡು ಹಾಳು. ಹಾಗಾಗಿ ಇಲ್ಲಿ ಹೆಚ್ಚಿನವರು ಕೋಳಿ ಅಂಗಡಿಗೇ ಹೋಗುತ್ತಾರೆ. ಸಮಸ್ಯೆ ಶುರುವಾಗುವುದು ಅಲ್ಲೇ. 'ನಾಯಿಗೆ' ಎಂದು ಕೇಳಿದ ಕೂಡಲೇ ಅಂಗಡಿಯವರು ಕುತ್ತಿಗೆ, ತೊಗಲು, ಕಾಲು, ಬೆನ್ನಿನ ತುಂಡು ಎಲ್ಲ ಸೇರಿಸಿ ಒಂದು ತೊಟ್ಟೆಗೆ ಹಾಕಿ ಕೊಡುತ್ತಾರೆ. ಅಗ್ಗವೂ ಹೌದು. ಮನುಷ್ಯರು ಬೇಡ ಎಂದು ಬಿಟ್ಟ ಆ ತುಂಡುಗಳಲ್ಲೇ ಕೋಳಿಯ ಕೊಬ್ಬೆಲ್ಲ ಇರುವುದು.

ಅಂಕಿ ನೋಡಿ. 100 ಗ್ರಾಂ ಹಸಿ ಕೋಳಿ ತೊಗಲಿನಲ್ಲಿ ಸುಮಾರು 350 ಕ್ಯಾಲರಿ. ತೊಗಲಿರುವ ಕುತ್ತಿಗೆಯಲ್ಲಿ ಸುಮಾರು 300. ಅದೇ ಕುತ್ತಿಗೆಯ ತೊಗಲು ಸುಲಿದರೆ 150ರ ಹತ್ತಿರ, ಅರ್ಧಕ್ಕರ್ಧ ಕಡಿಮೆ. ತೊಗಲಿಲ್ಲದ ಎದೆ ಮಾಂಸ 120. ಲಿವರ್ ಕೂಡ 120ರ ಆಸುಪಾಸು. ಕಾಳು ಅರೆಯುವ ಗಟ್ಟಿ ಹೊಟ್ಟೆ, ಅಂದರೆ ಗಿಝರ್ಡ್, 95ರಷ್ಟು. ನನ್ನ ಕೇಳಿದರೆ ಡ್ಯಾಶ್‌ಗೆ ಗಿಝರ್ಡ್‌ಗಿಂತ ಒಳ್ಳೆಯ ಮಾಂಸ ಕೋಳಿಯಲ್ಲಿ ಇಲ್ಲ. ಕೊಬ್ಬು ಕಡಿಮೆ, ಅಗಿಯಲು ಹೊತ್ತು ಬೇಕು, ಬೆಲೆಯೂ ಕಡಿಮೆ. ಅದರ ಮೇಲಂಟಿದ ಹಳದಿ ಕೊಬ್ಬನ್ನು ಮಾತ್ರ ಕಿತ್ತು ತೆಗೆಯಬೇಕು.

ಗಡಿಯ ಈಚೆ, ಕೇರಳದ ಕಡೆ ಕೋಣದ ಮಾಂಸ ಸುಲಭವಾಗಿ ಸಿಗುತ್ತದೆ, ಬೋರ್ಡಿನಲ್ಲಿ ಮಲಯಾಳದಲ್ಲಿ 'ಪೋತ್' ಎಂದು ಬರೆದಿರುತ್ತದೆ. ಕೊಬ್ಬು ಕತ್ತರಿಸಿ ತೆಗೆದ ಕೋಣದ ಮಾಂಸ 100 ಗ್ರಾಮಿಗೆ 100 ಕ್ಯಾಲರಿ ಮಾತ್ರ. ಆಡಿನ ಮಾಂಸ 110. ಎರಡೂ ಹಗುರ. ಹಂದಿ ಮಾಂಸವನ್ನು ಹಸಿಯಾಗಿ ಕೊಡಲೇಬೇಡಿ. ನಾಯಿಗೆ ಬಂದರೆ ಬದುಕುವುದೇ ಇಲ್ಲ ಎನ್ನುವಂಥ ಒಂದು ವೈರಸ್ ಹಸಿ ಹಂದಿ ಮಾಂಸದಿಂದ ಬರಬಹುದು.

ಲಿವರ್ ಒಳ್ಳೆಯದು ಎಂದು ದಿನಾ ಬಟ್ಟಲು ತುಂಬ ಹಾಕುವವರಿದ್ದಾರೆ. ಅದರಲ್ಲಿ ವಿಟಮಿನ್ ಎ ವಿಪರೀತ. ತಿಂಗಳುಗಟ್ಟಲೆ ಹೀಗೇ ನಡೆದರೆ ಮೂಳೆ, ಕೀಲು ಕೆಡುತ್ತವೆ. ಒಟ್ಟು ಊಟದ ಇಪ್ಪತ್ತನೇ ಒಂದು ಪಾಲು ಸಾಕು. ದನ, ಆಡಿನ ಶ್ವಾಸಕೋಶ, ಲಿವರ್‌ಗಳಲ್ಲಿ ನೀರುಗುಳ್ಳೆ ಕಂಡರೆ ಅದನ್ನು ನಾಯಿಗೆ ಹಾಕಬಾರದು. ಅದು ಒಂದು ಜಾತಿಯ ಲಾಡಿಹುಳದ ಮನೆ. ನಾಯಿಯ ಹೊಟ್ಟೆಯಲ್ಲಿ ಬೆಳೆದು, ಮಲದ ಮೂಲಕ ಮನೆಯವರ ಲಿವರ್‌ಗೆ ಬಂದು ಕೂರುತ್ತದೆ.

ಮೀನಿನ ವಿಷಯಕ್ಕೆ ಬರೋಣ, ಕರಾವಳಿಯಲ್ಲಿದ್ದು ಅದನ್ನು ಬಿಡಲಾಗುತ್ತದಾ? ಬೂತಾಯಿ, ಬಂಗುಡೆ ಎರಡರಲ್ಲೂ ಒಮೆಗಾ-3 ಕೊಬ್ಬು ಚೆನ್ನಾಗಿದೆ. ಕೀಲಿಗೂ ತೊಗಲಿಗೂ ಒಳ್ಳೆಯದು. ಆದರೆ ಬೂತಾಯಿಯ ಎಣ್ಣೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮಳೆಗಾಲ ಕಳೆದ ಮೇಲೆ ಸಿಗುವ ಬೂತಾಯಿ ಬಾಣಲೆಯಲ್ಲಿ ತನ್ನ ಎಣ್ಣೆಯಲ್ಲೇ ಬೇಯುತ್ತದೆ ಎಂದು ಇಲ್ಲಿನ ಯಾವ ಅಡುಗೆಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ದಪ್ಪ ನಾಯಿಗೆ ಆಗ ವಾರಕ್ಕೆ ಒಂದೆರಡು ಮೀನು ಸಾಕು. ಇನ್ನೊಂದು ಮಾತು, ಮೀನನ್ನು ಬೇಯಿಸಿಯೇ ಹಾಕಿ. ಬೂತಾಯಿಯ ಕುಟುಂಬದ ಹಲವು ಮೀನುಗಳಲ್ಲಿ ವಿಟಮಿನ್ ಬಿ1 ಅನ್ನು ಒಡೆಯುವ ಕಿಣ್ವ ಇದೆ. ಬೇಯಿಸಿದರೆ ಅದು ಸಾಯುತ್ತದೆ. ಮುಳ್ಳು ತೆಗೆಯುವುದನ್ನು ಹೇಳಬೇಕಾಗಿಲ್ಲ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ. ಆ ದಿನಗಳಲ್ಲಿ ಹೊರಗಿಂದ ಬರುವ ಮೀನು ಎಷ್ಟು ದಿನದ್ದೋ ಏನೋ. 2018ರಲ್ಲಿ ಕೆಡದಂತೆ ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿದ ಮೀನಿನ ಲೋಡುಗಳು ಚೆಕ್‌ಪೋಸ್ಟ್‌ಗಳಲ್ಲಿ ಸಿಕ್ಕಿಬಿದ್ದದ್ದು ಎಲ್ಲರಿಗೂ ನೆನಪಿದೆ. ಆ ಎರಡು ತಿಂಗಳು ನಾಯಿಗೆ ಮೀನಿಲ್ಲದಿದ್ದರೆ ಏನೂ ಆಗುವುದಿಲ್ಲ.

ಎಷ್ಟು ಹಾಕಬೇಕು

'ದೇಹದ ತೂಕದ ಶೇ. 2ರಿಂದ 3ರಷ್ಟು ಹಸಿ ಊಟ' ಎನ್ನುವುದು ಎಲ್ಲರ ಬಾಯಲ್ಲಿರುವ ಸೂತ್ರ. ಸಣ್ಣ ನಾಯಿಗೆ ಈ ಸೂತ್ರ ನಂಬುವಂಥದ್ದಲ್ಲ. 8 ಕಿಲೋದ ನಾಯಿಗೆ ಶೇ. 2.5 ಎಂದರೆ 200 ಗ್ರಾಂ. ಅದು ತೊಗಲಿಲ್ಲದ ಕೋಳಿಯಾದರೆ 240 ಕ್ಯಾಲರಿ. ತೊಗಲು, ಕುತ್ತಿಗೆ ಸೇರಿಸಿ ಅರೆದದ್ದಾದರೆ 500ಕ್ಕೂ ಹೋಗಬಹುದು. ಅಳತೆ ಒಂದೇ, ಒಂದು ನಾಯಿ ಹಸಿದಿರುತ್ತದೆ, ಇನ್ನೊಂದು ಊದುತ್ತದೆ.

ಪಶುವೈದ್ಯರು ಬಳಸುವ ಲೆಕ್ಕ ಬೇರೆ, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು. ನಾಯಿಯ ಈಗಿನ ತೂಕವಲ್ಲ, ಇರಬೇಕಾದ ತೂಕ ತೆಗೆದುಕೊಳ್ಳಿ. 8 ಕಿಲೋ ಎಂದಿಟ್ಟುಕೊಳ್ಳೋಣ. 8ನ್ನು ಮೂರು ಸಲ ಗುಣಿಸಿ, 8 × 8 × 8 = 512. ವರ್ಗಮೂಲದ ಗುಂಡಿ ಎರಡು ಸಲ ಒತ್ತಿ. ಮೊದಲು 22.6, ಆಮೇಲೆ 4.76 ಬರುತ್ತದೆ. ಅದನ್ನು 70ರಿಂದ ಗುಣಿಸಿ. 333. ನಾಯಿ ಸುಮ್ನೆ ಮಲಗಿದ್ದರೂ ಉಸಿರಾಡಲು, ಹೃದಯ ಬಡಿಯಲು, ಮೈ ಬಿಸಿ ಇಡಲು ದಿನಕ್ಕೆ ಇಷ್ಟು ಕ್ಯಾಲರಿ ಬೇಕು. ತೂಕ ಇಳಿಸುವಾಗ ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ. ತೂಕ ಸರಿಯಾದ ಮೇಲೆ, ದಪ್ಪ ಆಗುವ ಸ್ವಭಾವದ ನಾಯಿಗೆ ಇದರ 1.2ರಿಂದ 1.4 ಪಟ್ಟು ಕೊಡಬಹುದು.

ಅದೇ ಲೆಕ್ಕದಲ್ಲಿ 32 ಕಿಲೋದ ನಾಯಿಗೆ ಬರುವುದು ಸುಮಾರು 940. ಕಿಲೋಗೆ 29 ಕ್ಯಾಲರಿ. 8 ಕಿಲೋದ ನಾಯಿಗೆ ಕಿಲೋಗೆ 42. ದೊಡ್ಡ ನಾಯಿಗೂ ಸಣ್ಣ ನಾಯಿಗೂ ಒಂದೇ ಶೇಕಡಾ ಹೊಂದುವುದಿಲ್ಲ ಎನ್ನುವುದು ಇದಕ್ಕೇ.

10.5 ಕಿಲೋಗೆ ಏರಿದ, 8ಕ್ಕೆ ಇಳಿಯಬೇಕಾದ ಡ್ಯಾಶ್‌ನ ಒಂದು ದಿನದ ಬಟ್ಟಲು ಹೀಗಿರಬಹುದು. ತೊಗಲಿಲ್ಲದ ಕೋಳಿ 200 ಗ್ರಾಂ, 240 ಕ್ಯಾಲರಿ. ಲಿವರ್ 10 ಗ್ರಾಂ, 12 ಕ್ಯಾಲರಿ. ಬೇಯಿಸಿ ಹಿಸುಕಿದ ತರಕಾರಿ 100 ಗ್ರಾಂ, 25 ಕ್ಯಾಲರಿ. ಅರ್ಧ ಟೀ ಚಮಚ ಮೀನೆಣ್ಣೆ, 20 ಕ್ಯಾಲರಿ. ಒಟ್ಟು 300ರ ಹತ್ತಿರ. ಉಳಿದ 30 ಕ್ಯಾಲರಿ ಇಡೀ ದಿನದ ಬಾಯಾಡಿಸುವ ತಿಂಡಿಗೆ. ಎಲ್ಲವನ್ನೂ ಅಡುಗೆ ತಕ್ಕಡಿಯಲ್ಲಿ ತೂಗಬೇಕು. ಸಣ್ಣ ನಾಯಿಗೆ ಒಂದು ಹಿಡಿ ಆಚೀಚೆ ಆದರೆ ದಿನದ ಲೆಕ್ಕವೇ ಹೋಯಿತು.

ತರಕಾರಿಯಲ್ಲಿ ನಮ್ಮ ಹಿತ್ತಲೇ ಸಾಕು. ಬೂದುಗುಂಬಳ, ಮುಳ್ಳುಸೌತೆ ಹೆಚ್ಚೂಕಡಿಮೆ ನೀರೇ. ಚೀನಿಕಾಯಿ, ಅಲಸಂಡೆ ಸ್ವಲ್ಪ ಜಾಸ್ತಿ, ಆದರೂ 100 ಗ್ರಾಮಿಗೆ ಸಾಧಾರಣ 25ರಿಂದ 50 ಕ್ಯಾಲರಿ ಒಳಗೆ. ನಾರು ಬರುತ್ತದೆ, ಬಟ್ಟಲು ತುಂಬಿದ ಹಾಗೆ ಕಾಣುತ್ತದೆ, ನಾಯಿಗೂ ಹೊಟ್ಟೆ ತುಂಬುತ್ತದೆ. ಒಗ್ಗರಣೆ, ನೀರುಳ್ಳಿ, ಬೆಳ್ಳುಳ್ಳಿ ಬೇಡ. ನೀರುಳ್ಳಿ ನಾಯಿಯ ಕೆಂಪು ರಕ್ತಕಣವನ್ನು ಒಡೆಯುತ್ತದೆ.

ಮೂಳೆ ಮತ್ತು ಸುಣ್ಣ

ಬರೀ ಮಾಂಸದಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ಹೆಸರಿಗೆ ಮಾತ್ರ. ಕ್ಯಾಲ್ಸಿಯಂ ರಂಜಕಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಇಲ್ಲದಿದ್ದರೆ ದೇಹ ತನ್ನ ಮೂಳೆಯನ್ನೇ ಕರಗಿಸಿ ತೆಗೆಯುತ್ತದೆ. ಮರಿಗಳಲ್ಲಿ ಕೆಲವೇ ವಾರಗಳಲ್ಲಿ ಕಾಲು ಸೊಟ್ಟಗಾಗುವುದು ಹೀಗೆ.

ಮೂಳೆ ಹಾಕಿದರೆ ಮುಗಿಯಿತಲ್ಲ ಎನ್ನಬಹುದು. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಅದು ಎಲ್ಲರಿಗೂ ಗೊತ್ತು. ಹಸಿ ಮೂಳೆ ಕೂಡ ಸಣ್ಣ ನಾಯಿಗಳಲ್ಲಿ ಅನ್ನನಾಳಕ್ಕೆ ಸಿಕ್ಕಿಕೊಳ್ಳುವುದು ಅಪರೂಪವಲ್ಲ. ಗಬಗಬ ನುಂಗುವ ಪಗ್‌ಗಂತೂ ಬೇಡ. ಅರೆದ ಮೂಳೆ ಸಿಗದಿದ್ದರೆ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಮೇಲೆ ಹೇಳಿದ 300 ಕ್ಯಾಲರಿಯ ಬಟ್ಟಲಿಗೆ ಒಂದರಿಂದ ಒಂದೂವರೆ ಗ್ರಾಂ, ಅಂದರೆ ಕಾಲು ಟೀ ಚಮಚದಷ್ಟು ಸಾಕು.

ಇಲ್ಲೊಂದು ಸೂಕ್ಷ್ಮ ಇದೆ. ತೂಕ ಇಳಿಸಲು ಊಟ ಕಡಿಮೆ ಮಾಡಿದಾಗ ಕ್ಯಾಲರಿ ಜೊತೆ ವಿಟಮಿನ್, ಖನಿಜಗಳೂ ಕಡಿಮೆಯಾಗುತ್ತವೆ. ಮೊದಲೇ ಕೊರತೆ ಇರುವ 80-10-10 ಊಟವನ್ನು ಇನ್ನೂ ಕತ್ತರಿಸಿದರೆ ಕೊರತೆ ಎರಡು ಪಟ್ಟು. ಹಾಗಾಗಿ ಮನೆಯಲ್ಲೇ ಮಾಡುವವರಿಗೆ ವೈದ್ಯರು ಹೇಳಿದ ವಿಟಮಿನ್-ಖನಿಜದ ಪುಡಿ ಬೇಕೇ ಬೇಕು. 'ನಾವು ನ್ಯಾಚುರಲ್ ಆಗಿ ಕೊಡುತ್ತೇವೆ' ಎಂಬ ಹಟ ಇಲ್ಲಿ ನಡೆಯುವುದಿಲ್ಲ.

ಸೆಖೆ, ಕರೆಂಟು, ಕ್ರಿಮಿ

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಹೊಟ್ಟೆ ಕೆಡಿಸುವ ಕ್ರಿಮಿಗಳು ಇರುವುದು ಹೊಸ ಸಂಗತಿಯಲ್ಲ. ನಾವು ಬೇಯಿಸಿ ತಿನ್ನುವುದರಿಂದ ಬಚಾವ್. ನಾಯಿಗೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಅದರ ಮಲದಲ್ಲಿ, ಬಾಯಲ್ಲಿ ಕ್ರಿಮಿ ಇರುತ್ತದೆ. ಅದೇ ನಾಯಿ ಬಂದು ಮಗುವಿನ ಮುಖ ನೆಕ್ಕುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿ, ವಯಸ್ಸಾದವರು, ಕ್ಯಾನ್ಸರಿನ ಔಷಧಿ ತೆಗೆದುಕೊಳ್ಳುವವರು ಇದ್ದರೆ ಹಸಿ ಊಟದ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಫ್ರೀಜರಿನಲ್ಲಿಟ್ಟರೆ ಕ್ರಿಮಿ ಸಾಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಚೆನ್ನಾಗಿ ಗಡ್ಡೆ ಕಟ್ಟಿಸಿದರೆ ಕೆಲವು ಹುಳಗಳು ಸಾಯುತ್ತವೆ. ಸಾಲ್ಮೊನೆಲ್ಲಾ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೇ. ಕರಗಿದ ಕೂಡಲೇ ಎದ್ದು ಬೆಳೆಯುತ್ತದೆ. ನಮ್ಮಲ್ಲಿ ಆಟಿಯ ಮಳೆಗೆ ಮರ ಬಿದ್ದು ಒಂದು ದಿನ ಕರೆಂಟಿಲ್ಲದಿರುವುದು ಮಾಮೂಲಿ. ಫ್ರೀಜರಿನ ಮಾಂಸ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಅದನ್ನು ಮತ್ತೆ ಗಡ್ಡೆ ಕಟ್ಟಿಸಿ ಹಾಕುವ ಲೋಭ ಬೇಡ. ಮಾಮೂಲಿ ದಿನಗಳಲ್ಲೂ ಹಸಿ ಮಾಂಸ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. 32 ಡಿಗ್ರಿ ದಾಟಿದ ದಿನ, ಅಂದರೆ ನಮ್ಮ ಇಡೀ ಬೇಸಿಗೆ, ಒಂದೇ ಗಂಟೆ. ಕರಗಿಸುವುದು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ. ನಾಯಿ ಇಪ್ಪತ್ತು ನಿಮಿಷದಲ್ಲಿ ತಿನ್ನದೆ ಬಿಟ್ಟದ್ದನ್ನು ಎಸೆಯಿರಿ. ಕೋಳಿಯನ್ನು ನಳ್ಳಿಯಡಿ ತೊಳೆಯಬೇಡಿ, ನೀರು ಸಿಡಿದು ಕ್ರಿಮಿ ಇಡೀ ಸಿಂಕಿಗೆ ಹರಡುತ್ತದೆ.

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಾಂಸ ಒಳಗೆ ಬರುವುದೇ ಇಲ್ಲ. ಅಲ್ಲಿ ಮಗ ಹಸಿ ಮಾಂಸದ ಪ್ಯಾಕೆಟ್ ತಂದರೆ ಕೊಟ್ಟಿಗೆಯ ಪಕ್ಕಕ್ಕೊಂದು ಬೇರೆ ಫ್ರಿಜ್, ಬೇರೆ ಕತ್ತಿ, ಬೇರೆ ಪಾತ್ರೆ, ಜೊತೆಗೆ ಅಮ್ಮನ ಮುಖ ಎಲ್ಲ ನೋಡಬೇಕು. ಇಷ್ಟೆಲ್ಲ ಮಾಡಲೇಬೇಕೆಂದಿಲ್ಲ. ತೂಕ ಇಳಿಸಲೆಂದೇ ಮಾಡಿದ, ಕಡಿಮೆ ಕೊಬ್ಬಿನ ಒಣ ಡಾಗ್ ಫುಡ್ ತೂಗಿ ಹಾಕಿದರೂ ನಾಯಿ ಇಳಿಯುತ್ತದೆ. ಮಾಂಸವೇ ಬೇಕೆಂದರೆ, ಮೇಲಿನ ಬಟ್ಟಲನ್ನು ಸುಮ್ನೆ ನೀರಿನಲ್ಲಿ ಬೇಯಿಸಿ ಹಾಕಬಹುದು. ಹಸಿಯಾಗಿ ತೂಗಿ, ಆಮೇಲೆ ಬೇಯಿಸಿ, ನೀರಿನ ಸಮೇತ ಬಡಿಸಿ. ಕ್ಯಾಲರಿ ಹೆಚ್ಚೂಕಡಿಮೆ ಅದೇ, ಕ್ರಿಮಿಯ ತಲೆಬಿಸಿ ಇಲ್ಲ. ಸಣ್ಣ ಮಕ್ಕಳಿರುವ ಮನೆಗೆ ನಾನು ಹೇಳುವುದು ಯಾವಾಗಲೂ ಇದನ್ನೇ.

ಬಟ್ಟಲಿನ ಹೊರಗೆ

ಇಷ್ಟೆಲ್ಲ ತೂಗಿ ಹಾಕಿದ ಮೇಲೂ ಕೆಲವು ನಾಯಿಗಳ ತೂಕ ಇಳಿಯುವುದಿಲ್ಲ. ಕಾರಣ ಹೆಚ್ಚಾಗಿ ಜಗಲಿಯಲ್ಲಿ ಸಿಗುತ್ತದೆ. 'ಪಾಪ, ಒಂದು ತುಂಡು ಕೊಟ್ಟರೆ ಎಂತ ಆಗ್ತದೆ ಮಾರಾಯ್ತಿ?' ಎಂದು ಅಜ್ಜಿ ಕೊಟ್ಟ 30 ಗ್ರಾಂ ತೆಂಗಿನಕಾಯಿ ಚೂರಿನಲ್ಲಿ 100 ಕ್ಯಾಲರಿ ಇದೆ. ನಾಯಿಯ ದಿನದ ಊಟದ ಮೂರನೇ ಒಂದು ಪಾಲು. ಒಂದು ಬಾಳೆಹಣ್ಣಿಗೂ ಸರಿಸುಮಾರು ಅಷ್ಟೇ. ಅಂಗಳದಲ್ಲಿ ಕೊಬ್ಬರಿ ಒಣಹಾಕಿದ ಮನೆಯಾದರೆ ಕೇಳುವುದೇ ಬೇಡ. ಒಣ ಕೊಬ್ಬರಿ 100 ಗ್ರಾಮಿಗೆ 660 ಕ್ಯಾಲರಿ. ಕಾಗೆ ಓಡಿಸಲು ಬಿಟ್ಟ ಡ್ಯಾಶ್ ತಾನೇ ಕುಳಿತು ಕಡಿಯುತ್ತಿರುತ್ತದೆ. ಒಮ್ಮೆಲೇ ಇಷ್ಟು ಕೊಬ್ಬು ಹೊಟ್ಟೆಗೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ಹೊಟ್ಟೆನೋವು ಶುರುವಾಗಿ ಆಸ್ಪತ್ರೆಗೆ ಓಡಬೇಕಾಗಬಹುದು.

ಮನೆಯವರ ಕೈ ಕಟ್ಟಲಾಗುವುದಿಲ್ಲ. ಅದರ ಬದಲು ಬೆಳಿಗ್ಗೆಯೇ ಒಂದು ಸಣ್ಣ ಡಬ್ಬಿಯಲ್ಲಿ ಮುಳ್ಳುಸೌತೆ ತುಂಡು, ಬೇಯಿಸಿದ ಅಲಸಂಡೆ, ನಾಲ್ಕು ಚೂರು ಗಿಝರ್ಡ್ ಹಾಕಿಡಿ. ಯಾರು ಕೊಡುವುದಿದ್ದರೂ ಅದರಿಂದಲೇ ಕೊಡಲಿ. ಡಬ್ಬಿ ಖಾಲಿ ಆಯಿತು ಎಂದರೆ ಇವತ್ತಿಗೆ ಮುಗಿಯಿತು.

ಊಟ ಬದಲಿಸುವಾಗ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ, ಹಳೆಯದನ್ನು ಕಡಿಮೆ ಮಾಡುತ್ತ ಹೊಸದನ್ನು ಹೆಚ್ಚಿಸಿ. ಶುರು ಮಾಡುವ ಮೊದಲೇ ವೈದ್ಯರಿಗೆ ತೋರಿಸಿ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಬೇಕಾ ಎಂದು ಕೇಳಿ. ನಡುವಯಸ್ಸಿನ ನಾಯಿಗಳಲ್ಲಿ ಅದು ಕಡಿಮೆಯಾದರೂ ತೂಕ ಏರುತ್ತದೆ, ಅದಕ್ಕೆ ಊಟ ಮದ್ದಲ್ಲ. ಆಮೇಲೆ ವಾರಕ್ಕೊಮ್ಮೆ, ಒಂದೇ ದಿನ, ಊಟಕ್ಕೆ ಮೊದಲು ತೂಕ ನೋಡಿ. ನೀವು ತಕ್ಕಡಿಯ ಮೇಲೆ ನಿಂತು, ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಮೊದಲನೆಯದನ್ನು ಕಳೆದರಾಯಿತು. ಡ್ಯಾಶ್ ಎತ್ತುವಾಗ ಎದೆಗೂ ಹಿಂಭಾಗಕ್ಕೂ ಎರಡೂ ಕೈ ಕೊಡಿ, ಬೆನ್ನು ಜೋತು ಬೀಳಬಾರದು.

ವಾರಕ್ಕೆ ತೂಕದ ಶೇ. 1ರಿಂದ 2 ಇಳಿದರೆ ಸರಿ. 10.5 ಕಿಲೋದ ನಾಯಿಗೆ 100ರಿಂದ 200 ಗ್ರಾಂ. 8ಕ್ಕೆ ಬರಲು ಮೂರರಿಂದ ಆರು ತಿಂಗಳು ಬೇಕು. ಅದಕ್ಕಿಂತ ಬೇಗ ಇಳಿದರೆ ಸ್ನಾಯುವೂ ಕರಗುತ್ತಿರಬಹುದು, ಊಟ ಸ್ವಲ್ಪ ಹೆಚ್ಚಿಸಿ. ಮೂರು ವಾರ ಕಳೆದರೂ ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೆ ಮೊದಲು ಆ ಡಬ್ಬಿ ಮತ್ತು ಕೊಬ್ಬರಿಯ ಅಂಗಳ ನೋಡಿ. ಅಲ್ಲಿ ಎಲ್ಲ ಸರಿಯಿದ್ದರೆ ಬಟ್ಟಲಿನಿಂದ ಶೇ. 10 ಕಡಿಮೆ ಮಾಡಿ. ಕಡಿಮೆ ಮಾಡಬೇಕಾದದ್ದು ಮಾಂಸದಲ್ಲಿ ಉಳಿದ ಕೊಬ್ಬನ್ನು, ತರಕಾರಿಯನ್ನಲ್ಲ.